ಅಮಾನತು ಮಾಡೋಕೆ ಒಂದು ಗಂಟೆ ಸಾಕು, ಕಲಿಸೋಕೆ ಒಂದು ವಾರ ಇಲ್ವಾ?

ಬರಹ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ.

ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಒಬ್ಬ ಬಾಣಂತಿ ತೀರಿಕೊಳ್ತಾಳೆ. ಬೆಳಗಾಗೋ ಹೊತ್ತಿಗೆ ಮನೆಯವರು ಗೇಟಿನ ಮುಂದೆ ಹೆಣ ಇಟ್ಟು ಕೂತಿರ್ತಾರೆ. ಹತ್ತಕ್ಕೆ ಡಿಎಚ್‌ಒ ಜೀಪು, ಹನ್ನೊಂದಕ್ಕೆ ಶಾಸಕರ ಕಾರು, ಮಧ್ಯಾಹ್ನದೊಳಗೆ ಡ್ಯೂಟಿಯಲ್ಲಿದ್ದ ನರ್ಸ್ ಅಮಾನತು. ಗುತ್ತಿಗೆಯವಳಾಗಿದ್ರೆ ಆ ಮರ್ಯಾದೆಯೂ ಇಲ್ಲ, 'ನಾಳೆಯಿಂದ ಬರಬೇಡ' ಅಂತ ಏಜೆನ್ಸಿಯಿಂದ ಒಂದು ಫೋನು. ಸಂಜೆ ಟಿವಿಯಲ್ಲಿ 'ಸಿಬ್ಬಂದಿ ನಿರ್ಲಕ್ಷ್ಯಕ್ಕೆ ಬಾಣಂತಿ ಬಲಿ'. ಅಲ್ಲಿಗೆ ಮುಗೀತು. ಸ್ವಲ್ಪ ದಿನ ಬಿಟ್ಟು ಇದೇ ನಾಟಕ ಪಕ್ಕದ ತಾಲ್ಲೂಕಿನಲ್ಲಿ.

ಈ ಇಡೀ ನಾಟಕದಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಆ ಹುಡುಗಿಯನ್ನ ಆ ವಾರ್ಡಿಗೆ ಹಾಕೋ ಮೊದಲು, ಇಂಥ ರಾತ್ರಿ ಬಂದ್ರೆ ಏನು ಮಾಡಬೇಕು ಅಂತ ಅವಳಿಗೆ ಕಲಿಸಿದವರು ಯಾರು? ಎಷ್ಟು ದಿನ ಕಲಿಸಿದ್ರು? ಅದು ಯಾವ ರಿಜಿಸ್ಟರಿನಲ್ಲಿ ಬರೆದಿದೆ?

ನರ್ಸುಗಳು ತಪ್ಪೇ ಮಾಡಲ್ಲ ಅಂತ ನಾನು ವಾದ ಮಾಡ್ತಿಲ್ಲ. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ಏನಾಯ್ತು ಅಂತ ಯಾರೂ ಮರೆತಿಲ್ಲ. ಹೆರಿಗೆ ನೋವಿನಲ್ಲಿ ಬಂದ ಬಡ ಹೆಣ್ಣುಮಗಳನ್ನ ತಾಯಿ ಕಾರ್ಡು, ಆಧಾರ್ ಕಾರ್ಡು ಇಲ್ಲ ಅಂತ ವಾಪಸ್ ಕಳಿಸಿದ್ರು. ಮನೆಯಲ್ಲೇ ಹೆರಿಗೆಯಾಗಿ ಅವಳೂ ಹೋದಳು, ಅವಳಿ ಕೂಸುಗಳೂ ಹೋದವು. ಅಲ್ಲಿ ಡಾಕ್ಟರ್, ನರ್ಸುಗಳು ಅಮಾನತಾದದ್ದು ಸರಿಯೇ. ಆದರೆ ಅಮಾನತು ಆದ ಮೇಲೆ ರಾಜ್ಯದ ಎಷ್ಟು ಆಸ್ಪತ್ರೆಗಳಲ್ಲಿ ಹೊಸ ಸಿಬ್ಬಂದಿಯನ್ನ ಕೂರಿಸಿಕೊಂಡು 'ಮೊದಲು ಹೊಟ್ಟೆ ಮುಟ್ಟಿ ನೋಡು, ಬಿಪಿ ನೋಡು, ಕಾರ್ಡು ಆಮೇಲೆ ಕೇಳು' ಅಂತ ಕಲಿಸಿದ್ರು? ಬಾಗಿಲಿಗೆ ಬಂದವರಲ್ಲಿ ಯಾರ ಜೀವ ಮೊದಲು ಹೋಗಬಹುದು ಅಂತ ನಿಂತಲ್ಲೇ ಅಳೆಯೋದು ತುರ್ತು ಚಿಕಿತ್ಸೆಯ ಮೊದಲ ಪಾಠ. ಆ ಪಾಠ ಕಲಿಸದೇ ಹೋದರೆ ಅಮಾನತು ಆದವಳ ಜಾಗಕ್ಕೆ ಬರುವವಳೂ ಅದನ್ನೇ ಮಾಡ್ತಾಳೆ.

ಈಗ ಇನ್ನೊಂದು ಮಾತು. ತಾಲ್ಲೂಕು ಆಸ್ಪತ್ರೆಯ ಹಾಸಿಗೆ ಮೇಲೆ ಯಾರಿರ್ತಾರೆ? ನಮ್ಮವರು. ಕೂಲಿಯವರು, ಪೌರಕಾರ್ಮಿಕರು, ಹಾಡಿಯವರು, ಕೇರಿಯವರು. ದುಡ್ಡಿದ್ದವರು ಎದೆನೋವು ಅಂದ ಕೂಡಲೇ ಕಾರು ಹತ್ತಿ ಮೈಸೂರಿಗೋ ಬೆಂಗಳೂರಿಗೋ ಹೋಗ್ತಾರೆ. ಇನ್ನು ಆ ಹಾಸಿಗೆ ಪಕ್ಕದಲ್ಲಿ ರಾತ್ರಿ ಎರಡು ಗಂಟೆಗೆ ಒಬ್ಬಳೇ ನಿಂತಿರೋಳು ಯಾರು? ಎಷ್ಟೋ ಸಲ ಅವಳೂ ನಮ್ಮವಳೇ. ಅಪ್ಪ ಸಾಲ ಮಾಡಿ, ಸ್ಕಾಲರ್‌ಶಿಪ್ಪಿಗೆ ಅಲೆದು, ಜಿಎನ್ಎಂ ಓದಿಸಿದ ಹುಡುಗಿ. ಸಾಯೋರೂ ನಮ್ಮೋರು, ಸಾವಿನ ಹೊಣೆ ಹೊತ್ಕೊಳ್ಳೋರೂ ನಮ್ಮೋರು. ಈ ವ್ಯವಸ್ಥೆಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ನಮ್ಮ ಕೇರಿಯ ಒಬ್ಬ ಹುಡುಗಿ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಆರ್ಡರ್ ಕಾಪಿ ಕೊಟ್ಟರು, ಬಯೋಮೆಟ್ರಿಕ್‌ಗೆ ಬೆರಳು ಒತ್ತಿಸಿಕೊಂಡರು, ಯೂನಿಫಾರ್ಮಿನ ಬಣ್ಣ ಹೇಳಿದರು. ತರಬೇತಿ ಅಂದ್ರೆ ಅಷ್ಟೇ. ನಾಲ್ಕನೇ ದಿನ ಹೆರಿಗೆ ವಾರ್ಡಿನಲ್ಲಿ ನೈಟ್ ಡ್ಯೂಟಿ. ಆ ರಾತ್ರಿ ಬಿಪಿ ಏರಿದ ಗರ್ಭಿಣಿಗೆ ಫಿಟ್ಸ್ ಬಂತು. ನನ್ನ ಹತ್ರ ಅವಳು ಹೇಳಿದ್ದು ಇಷ್ಟು: "ಅಣ್ಣ, ಮ್ಯಾಗ್‌ಸಲ್ಫ್ ಕೊಡ್ಬೇಕು ಅಂತ ನಂಗೆ ಗೊತ್ತಿತ್ತು. ಪರೀಕ್ಷೆಲಿ ಬರ್ದು ಮಾರ್ಕ್ಸ್ ತಗೊಂಡಿದ್ದೆ. ಆದ್ರೆ ಒಂದು ಸಲಾನೂ ಕೈಯಾರೆ ಕೊಟ್ಟಿರ್ಲಿಲ್ಲ. ಬೀರು ಕೀ ಎಲ್ಲಿದೆ ಅಂತ್ಲೂ ಗೊತ್ತಿರ್ಲಿಲ್ಲ."

ಆ ಮಾತಿನ ಅರ್ಥ ಏನು ಅಂತ ನೋಡಿ. ಮೆಗ್ನೀಸಿಯಂ ಸಲ್ಫೇಟ್ ಹೊಸ ಔಷಧಿ ಅಲ್ಲ, ದುಬಾರಿಯೂ ಅಲ್ಲ. ದೊಡ್ಡಾಸ್ಪತ್ರೆಗೆ ಕಳಿಸೋ ಮೊದಲು ನರ್ಸೇ ಮೊದಲ ಡೋಸ್ ಕೊಡಬಹುದು ಅಂತ ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತೆ. ಪ್ರತಿ ಪೃಷ್ಠಕ್ಕೆ 5 ಗ್ರಾಂ, ಒಟ್ಟು 10 ಗ್ರಾಂ, ಆಳವಾಗಿ. ನಮ್ಮಲ್ಲಿ ಸಿಗೋ 2 ಎಂಎಲ್ ಆಂಪ್ಯೂಲ್‌ನಲ್ಲಿ ಇರೋದು 1 ಗ್ರಾಂ. ಅಂದ್ರೆ ಆ ಹುಡುಗಿ ಹತ್ತು ಆಂಪ್ಯೂಲ್ ಒಡೆದು ಸಿರಿಂಜಿಗೆ ಎಳೀಬೇಕು. ಅದೇ ಹೊತ್ತಿಗೆ ಫಿಟ್ಸ್ ಬಂದ ತಾಯಿ ಮಂಚದಿಂದ ಬೀಳದಂತೆ ನೋಡ್ಬೇಕು, ಪಕ್ಕಕ್ಕೆ ಮಲಗಿಸ್ಬೇಕು, ಬಾಯಿಯ ನೊರೆ ತೆಗೀಬೇಕು, ಆಕ್ಸಿಜನ್ ಹಾಕ್ಬೇಕು, ಡಾಕ್ಟರಿಗೆ ಫೋನ್ ಮಾಡ್ಬೇಕು, ಕಿರುಚಾಡ್ತಿರೋ ಅತ್ತೆಯನ್ನ ಸಮಾಧಾನ ಮಾಡ್ಬೇಕು. ಪುಸ್ತಕದಲ್ಲಿ ಇದು ಒಂದು ಸಾಲು. ವಾರ್ಡಿನಲ್ಲಿ ಇದು ಆರು ಕೈ ಮಾಡೋ ಕೆಲಸ. ಹತ್ತು ಸಲ ಅಭ್ಯಾಸ ಮಾಡಿದವಳಿಗೆ ಮಾತ್ರ ಯಾವುದು ಮೊದಲು, ಯಾವುದು ಆಮೇಲೆ, ಯಾವುದನ್ನ ಆಯಾಗೆ ಹೇಳ್ಬೇಕು ಅನ್ನೋದು ಹೊಳೆಯುತ್ತೆ.

ಹಾವು ಕಡಿತ ತಗೊಳ್ಳಿ. ಬರಿಗಾಲಲ್ಲಿ ಗದ್ದೆಗೆ ಇಳಿಯೋರು ಯಾರು, ನೆಲದ ಮೇಲೆ ಮಲಗೋರು ಯಾರು ಅಂತ ನಿಮಗೆ ಹೇಳ್ಬೇಕಾಗಿಲ್ಲ. 2024ರಲ್ಲಿ ನಮ್ಮ ಸರ್ಕಾರ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಅಂತ ಘೋಷಿಸ್ತು. ಒಳ್ಳೇದೇ. ಆದರೆ ವರದಿ ಬರೆದರೆ ವಿಷ ಇಳಿಯಲ್ಲ. ಕಟ್ಟುಹಾವು ಕಡಿದರೆ ಎಷ್ಟೋ ಸಲ ನೋವೂ ಇರಲ್ಲ, ಬಾವೂ ಇರಲ್ಲ. ಕಣ್ಣಿನ ರೆಪ್ಪೆ ಜೋತುಬೀಳೋದನ್ನ ಗುರುತಿಸ್ಬೇಕು. ಕೊಳಕುಮಂಡಲ ಕಡಿದಿದ್ರೆ ಒಣಗಿದ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಹೆಪ್ಪುಗಟ್ಟಿದೆಯಾ ಅಂತ ನೋಡ್ಬೇಕು. ಪುಡಿ ರೂಪದ ಆಂಟಿವೆನಮ್ ಹತ್ತು ಬಾಟ್ಲಿ ಕರಗಿಸ್ಬೇಕು. ಜೋರಾಗಿ ಕುಲುಕಿದರೆ ನೊರೆಯಾಗುತ್ತೆ. ಅದು ಒಗ್ಗದೆ ರೋಗಿಗೆ ಮೈತುಂಬ ದದ್ದೆದ್ದು ಉಸಿರು ಕಟ್ಟಿದರೆ ಅಡ್ರಿನಾಲಿನ್ ತೊಡೆಗೆ ಚುಚ್ಚಲೇಬೇಕು, ತಕ್ಷಣ. ಅದಕ್ಕೆ ಮೊದಲೇ ಸಿರಿಂಜ್‌ನಲ್ಲಿ ತುಂಬಿಟ್ಟಿರ್ಬೇಕು. ಇದಕ್ಕೆಲ್ಲ ಮಿಷಿನ್ ಬೇಡ. ಕಲಿತ ಒಂದು ಜೊತೆ ಕೈ ಬೇಕು. ಆ ಕೈ ಇಲ್ಲದ ಕಡೆ ಏನಾಗುತ್ತೆ? 'ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗಿ' ಅಂತ ಚೀಟಿ. ದಾರಿಯಲ್ಲೇ ಸಾವು.

ಎದೆ ಬಡಿತ ನಿಂತವರ ವಿಷಯದಲ್ಲಿ ಲೆಕ್ಕ ಇನ್ನೂ ಕ್ರೂರ. ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಎದೆ ಒತ್ತಬೇಕು. ಎರಡು ನಿಮಿಷಕ್ಕೊಮ್ಮೆ ಒತ್ತೋರು ಬದಲಾಗಬೇಕು, ಇಲ್ಲದಿದ್ರೆ ಕೈ ಸೋತು ಒತ್ತು ಹಗುರಾಗುತ್ತೆ. ಸಿಪಿಆರ್ ಇಲ್ಲದೆ, ಶಾಕ್ ಕೊಡದೆ ಕಳೆಯೋ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತೆ. ಡಾಕ್ಟರ್ ಕ್ವಾರ್ಟರ್ಸಿನಿಂದ ಎದ್ದು ಬರೋಕೆ ಹತ್ತು ನಿಮಿಷ ಅಂತಿಟ್ಕೊಳ್ಳಿ. ಉಳಿದ ಲೆಕ್ಕ ನೀವೇ ಮಾಡಿ. ಆ ಹತ್ತು ನಿಮಿಷದಲ್ಲಿ ಡಾಕ್ಟರೂ ನರ್ಸೇ, ಆಸ್ಪತ್ರೆಯೂ ನರ್ಸೇ, ಸರ್ಕಾರವೂ ನರ್ಸೇ.

ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಇದೇ ಹೊತ್ತಿಗೆ ಮೈಕಿನಲ್ಲಿ 'ಕೋಡ್ ಬ್ಲೂ' ಅಂತಾರೆ. ಒಂದು ತಂಡವೇ ಓಡಿ ಬರುತ್ತೆ. ಎನ್‌ಎಬಿಎಚ್ ಮಾನ್ಯತೆ ಬೇಕು ಅಂದ್ರೆ ಸಿಬ್ಬಂದಿಗೆ ಸಿಪಿಆರ್ ಕಲಿಸಿ ದಾಖಲೆ ಇಡಲೇಬೇಕು. ಅದೇ ಬಿಎಸ್ಸಿ, ಅದೇ ಜಿಎನ್ಎಂ ಓದಿದ ಹುಡುಗಿ ಅಲ್ಲಿ ಸೇರಿದ್ರೆ ಕಲಿಸಿ ಆಮೇಲೆ ಹಾಸಿಗೆ ಪಕ್ಕ ನಿಲ್ಲಿಸ್ತಾರೆ. ಇಲ್ಲಿ ಸೇರಿದ್ರೆ ನೇರ ಹಾಸಿಗೆ ಪಕ್ಕ. ಯಾಕೆ? ಅಲ್ಲಿನ ರೋಗಿ ಕೇಸ್ ಹಾಕ್ತಾನೆ, ಇಲ್ಲಿನ ರೋಗಿ ಅತ್ತು ಮಣ್ಣು ಮಾಡಿ ಕೂಲಿಗೆ ಹೋಗ್ತಾನೆ. ಕೆರೆಯ ನೀರನ್ನ ಹೆಂಗೆ ಹಂಚಿದ್ರೋ, ಕಲಿತ ಕೈಗಳನ್ನೂ ಹಂಗೇ ಹಂಚಿದ್ದಾರೆ. ಜಾತಿ ಅಂದ್ರೆ ಬರೀ ಬಾವಿ ಗುಡಿ ಅಲ್ಲ ಗೆಳೆಯರೇ. ಎದೆ ನಿಂತಾಗ ಯಾರ ಎದೆ ಮೇಲೆ ತರಬೇತಾದ ಕೈ ಬೀಳುತ್ತೆ, ಯಾರ ಎದೆ ಮೇಲೆ ನಡುಗೋ ಕೈ ಬೀಳುತ್ತೆ ಅನ್ನೋದೂ ಜಾತಿಯೇ.

ಇಲ್ಲಿಗೆ ಮೆರಿಟ್ ಮಹಾಶಯರು ಬರ್ತಾರೆ. 'ಮೀಸಲಾತಿಯಲ್ಲಿ ಬಂದೋರ ಕೈಗೆ ಜೀವ ಕೊಟ್ರೆ ಹಿಂಗೇ ಆಗೋದು' ಅಂತ ಕಾಮೆಂಟ್ ಬೀಳುತ್ತೆ. ಸ್ವಾಮಿ, 5 ಸೆಂಟಿಮೀಟರ್ ಅಂದ್ರೆ 5 ಸೆಂಟಿಮೀಟರ್. ಅದಕ್ಕೆ ಜಾತಿ ಸರ್ಟಿಫಿಕೇಟ್ ಬೇಡ, ಶೇ. 95 ಅಂಕವೂ ಬೇಡ. ಅಷ್ಟು ಆಳಕ್ಕೆ ಒತ್ತೋದನ್ನ ಬೊಂಬೆಯ ಮೇಲೆ ಬೆವರು ಸುರಿಸಿಯೇ ಕಲೀಬೇಕು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೊಡೋ ಸಿಪಿಆರ್ ಕಾರ್ಡಿಗೆ ಎರಡೇ ವರ್ಷ ಆಯಸ್ಸು. ಎಂಡಿ ಮಾಡಿದ ಡಾಕ್ಟರೂ ಮತ್ತೆ ಬೊಂಬೆ ಮುಂದೆ ಮಂಡಿಯೂರಬೇಕು. ಯಾಕಂದ್ರೆ ಮಾಡದೇ ಇದ್ರೆ ಯಾರ ಕೈಯಾದರೂ ಮರೆಯುತ್ತೆ. ಪಾವಗಡದ ಸೂಲಗಿತ್ತಿ ನರಸಮ್ಮ ಯಾವ ಕಾಲೇಜು ಮೆಟ್ಟಿಲು ಹತ್ತಿದ್ರು? ಅಜ್ಜಿಯ ಪಕ್ಕ ಕೂತು, ಅಜ್ಜಿಯ ಕೈ ನೋಡಿ ಕಲಿತರು. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು. ಕೈ ಹಿಡಿದು ಕಲಿಸೋ ಅಜ್ಜಿ ಒಬ್ಬಳು ಅವರಿಗಿದ್ದಳು. ನಮ್ಮ ಹುಡುಗಿಯರಿಗೆ ಇಲಾಖೆ ಅದನ್ನೂ ಕೊಟ್ಟಿಲ್ಲ.

'ಕಾಲೇಜಿನಲ್ಲೇ ಕಲೀಬೇಕಿತ್ತಲ್ಲ' ಅಂತೀರಾ? ಕೇಳಿ. ದೇಶದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರೋ ರಾಜ್ಯಗಳಲ್ಲಿ ನಮ್ಮದೂ ಒಂದು. ನಾನು ನೋಡಿದ ಒಂದು ಕಾಲೇಜಿನಲ್ಲಿ ಸಿಪಿಆರ್ ಬೊಂಬೆ ಪ್ಲಾಸ್ಟಿಕ್ ಕವರ್ ಸಮೇತ ಗಾಜಿನ ಬೀರುವಿನಲ್ಲಿತ್ತು. ಇನ್‌ಸ್ಪೆಕ್ಷನ್ ದಿನ ಮಾತ್ರ ಹೊರಗೆ ಬರುತ್ತಂತೆ. ಮಕ್ಕಳ ಶುಲ್ಕ ಮರುಪಾವತಿ ಮಾತ್ರ ವರ್ಷ ವರ್ಷ ಹೊರಗೆ ಬರುತ್ತೆ. ಅಂಥ ಕಾಲೇಜಿಗೆ ಅನುಮತಿ ಕೊಟ್ಟೋರು ಯಾರು? ಪರೀಕ್ಷೆ ಮಾಡಿ, ಪಾಸು ಮಾಡಿ, ರಿಜಿಸ್ಟ್ರೇಷನ್ ನಂಬರ್ ಕೊಟ್ಟೋರು ಯಾರು? ನೀವೇ ಅಲ್ವಾ? ನೀವೇ ಕೊಟ್ಟ ಸರ್ಟಿಫಿಕೇಟಿನ ಮೇಲೆ ನಂಬಿಕೆ ಇಲ್ಲದಿದ್ರೆ ಕೆಲಸಕ್ಕೆ ತಗೊಂಡ ಮೇಲಾದ್ರೂ ಕಲಿಸಿ. ಸಾರಿಗೆ ಸಂಸ್ಥೆ ಹೆವಿ ಲೈಸೆನ್ಸ್ ಇದ್ದ ಡ್ರೈವರಿಗೂ ಟ್ರೇನಿಂಗ್ ಕೊಟ್ಟೇ ಬಸ್ಸಿನ ಸ್ಟೇರಿಂಗ್ ಕೊಡುತ್ತೆ. ಪೊಲೀಸ್ ಪೇದೆಗೆ ತಿಂಗಳುಗಟ್ಟಲೆ ಕಲಿಸಿದ ಮೇಲೆ ಲಾಠಿ. ಹೆರಿಗೆ ವಾರ್ಡು ಇವೆರಡಕ್ಕಿಂತ ಹಗುರದ ಜಾಗವಾ?

ನಾನು ಇನ್ನೊಂದು ವಿಷಯ ಹೇಳ್ಲೇಬೇಕು. ಇದನ್ನ ಯಾವ ತರಬೇತಿ ಪುಸ್ತಕವೂ ಹೇಳಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಕೊಟ್ಟಿರೋ ತರಬೇತಿ ಬೇರೆಯೇ ಇದೆ: ದೊಡ್ಡವರ ಮುಂದೆ ತಲೆ ಎತ್ತಬೇಡ, ಎದುರು ಮಾತಾಡಬೇಡ, ಕೇಳಿದ್ರೆ ಮಾತ್ರ ಬಾಯಿ ಬಿಡು. ಆಸ್ಪತ್ರೆಯಲ್ಲೂ ಅದೇ ಮುಂದುವರಿಯುತ್ತೆ. ರಾತ್ರಿ ಫೋನ್ ಮಾಡಿದ್ರೆ 'ಇಷ್ಟಕ್ಕೆಲ್ಲಾ ಎಬ್ಬಿಸ್ತೀಯಾ' ಅಂತ ಬೈಸಿಕೊಂಡವಳು ಮುಂದಿನ ಸಲ ಹತ್ತು ನಿಮಿಷ ಕಾದು ನೋಡ್ತಾಳೆ. ಆ ಹತ್ತು ನಿಮಿಷದಲ್ಲಿ ಬಾಣಂತಿಯ ರಕ್ತ ಅರ್ಧ ಲೀಟರ್ ದಾಟಿರುತ್ತೆ. ತಪ್ಪು ಡೋಸ್ ಬರೆದದ್ದು ಕಣ್ಣಿಗೆ ಕಂಡರೂ 'ಸರ್, ಇದು ಜಾಸ್ತಿ ಆಯ್ತಲ್ವಾ' ಅನ್ನೋಕೆ ನಾಲಿಗೆ ಏಳಲ್ಲ. ಯಾಕಂದ್ರೆ ಗುತ್ತಿಗೆ ನವೀಕರಣ ಆ ಸರ್ ಸಹಿಯ ಮೇಲೇ ನಿಂತಿದೆ. ಹಾಗಾಗಿ ತುರ್ತು ತರಬೇತಿ ಅಂದ್ರೆ ಸೂಜಿ ಹಿಡಿಯೋದಷ್ಟೇ ಅಲ್ಲ, ದನಿ ಎತ್ತೋದೂ ಹೌದು. 'ರೋಗಿ ಇಂಥವರು, ಬಿಪಿ ಇಷ್ಟು, ಇಷ್ಟು ರಕ್ತ ಹೋಗಿದೆ, ನಾನು ಇದನ್ನ ಕೊಟ್ಟಿದ್ದೀನಿ, ನೀವು ಈಗಲೇ ಬರಬೇಕು' ಅಂತ ಅಳುಕಿಲ್ಲದೆ ಹೇಳೋದನ್ನ ಅಭ್ಯಾಸ ಮಾಡಿಸಬೇಕು. ಆ ಅಭ್ಯಾಸದಲ್ಲಿ ಡಾಕ್ಟರೂ ಕೂತಿರಬೇಕು. ಕೇಳಿಸಿಕೊಳ್ಳೋದನ್ನ ಅವರೂ ಕಲೀಬೇಕು.

ಇದೆಲ್ಲ ಕನಸು ಅಂತ ಯಾರಾದ್ರೂ ಅಂದ್ರೆ ಎರಡು ಉದಾಹರಣೆ ಕೊಡ್ತೀನಿ.

ಒಂದು ನಮ್ಮದೇ ನೆಲದ್ದು. ಸುಮಾರು ಹತ್ತು ಹನ್ನೆರಡು ವರ್ಷದ ಹಿಂದೆ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ 'ಸುಕ್ಷೇಮ' ಅನ್ನೋ ಯೋಜನೆ ನಡೀತು. ಅದರಲ್ಲಿ ನರ್ಸುಗಳನ್ನೇ ಮಾರ್ಗದರ್ಶಕರನ್ನಾಗಿ ತಯಾರು ಮಾಡಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕಳಿಸಿದ್ರು. ಅವರು ಹೋಗಿ ಭಾಷಣ ಮಾಡ್ಲಿಲ್ಲ. ಅಲ್ಲಿನ ಸ್ಟಾಫ್ ನರ್ಸ್ ಪಕ್ಕದಲ್ಲಿ ನಿಂತು, ಕೇಸ್ ಶೀಟ್ ನೋಡಿ, ಔಷಧಿ ಬೀರು ತೆಗೆಸಿ, ಕೈಯಾರೆ ಮಾಡಿ ತೋರಿಸಿದ್ರು. ಬಳ್ಳಾರಿ, ಕಲಬುರಗಿ ಜಿಲ್ಲೆಗಳಲ್ಲಿ ಮಾರ್ಗದರ್ಶಕರು ಹೋದ ಕೇಂದ್ರಗಳನ್ನೂ ಹೋಗದ ಕೇಂದ್ರಗಳನ್ನೂ ಹೋಲಿಸಿ ನೋಡಿದಾಗ, ಹೆರಿಗೆಯ ತೊಡಕುಗಳನ್ನ ನಿಭಾಯಿಸೋ ತಿಳಿವಳಿಕೆ, ಔಷಧಿ ಸಿದ್ಧತೆ ಎರಡೂ ಅವರು ಹೋದ ಕಡೆ ಚೆನ್ನಾಗಿತ್ತು. ಹಿಂದುಳಿದ ಜಿಲ್ಲೆ ಅಂತ ನೀವು ಯಾವುದನ್ನ ಕರೀತೀರೋ ಅಲ್ಲೇ ಸಾಧಿಸಿ ತೋರಿಸಿದ್ದು ಇದು.

ಇನ್ನೊಂದು ಆಫ್ರಿಕಾದ್ದು. ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ ಸುಮಾರು 80 ಆಸ್ಪತ್ರೆಗಳಲ್ಲಿ ನಡೆದ 'ಇ-ಮೋಟಿವ್' ಅಧ್ಯಯನ 2023ರಲ್ಲಿ ಪ್ರಕಟ ಆಯ್ತು. ಹೆರಿಗೆಯಾದ ಕೂಡಲೇ ತಾಯಿಯ ಕೆಳಗೆ ಅಳತೆ ಗೆರೆ ಇರೋ ಪ್ಲಾಸ್ಟಿಕ್ ಹಾಳೆ ಹಾಕಿ ರಕ್ತ ಎಷ್ಟು ಹೋಗ್ತಿದೆ ಅಂತ ಅಳೆಯೋದು, ಜಾಸ್ತಿ ಆದ ತಕ್ಷಣ ಗರ್ಭಕೋಶ ಉಜ್ಜೋದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್ ಎಲ್ಲವನ್ನೂ ಒಂದರ ಹಿಂದೆ ಒಂದು ಕಾಯದೆ ಒಟ್ಟಿಗೇ ಶುರು ಮಾಡೋದು. ಇಷ್ಟೇ. ಒಂದೂ ಹೊಸ ಔಷಧಿ ಅಲ್ಲ. ಸಿಬ್ಬಂದಿಗೆ ಇದನ್ನ ಕಲಿಸಿ ರೂಢಿ ಮಾಡಿಸಿದ ಕಡೆ ವಿಪರೀತ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯೋ ಆಪರೇಷನ್, ಸಾವು, ಇವೆಲ್ಲ ಸೇರಿ ಶೇ. 60ರಷ್ಟು ಕಡಿಮೆ ಆಯ್ತು. ಬಡ ದೇಶಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಆಗೋದು ನಮ್ಮಲ್ಲಿ ಯಾಕಾಗಲ್ಲ?

ಕಾಗದದ ಮೇಲೆ ನಮ್ಮಲ್ಲೂ ಕಮ್ಮಿ ಏನಿಲ್ಲ. ದಕ್ಷತಾ 2015ರಲ್ಲಿ ಬಂತು, ಲಕ್ಷ್ಯ 2017ರಲ್ಲಿ ಬಂತು, ಡಾಕ್ಟರ್, ನರ್ಸ್, ಅರೆವೈದ್ಯಕೀಯ ಸಿಬ್ಬಂದಿಗೆ ಅಂತ ರಾಷ್ಟ್ರೀಯ ತುರ್ತು ಜೀವರಕ್ಷಕ ತರಬೇತಿ 2021ರಲ್ಲಿ ಬಂತು. ನನ್ನ ಪ್ರಶ್ನೆ ಇಷ್ಟೇ: ಹೊರಗುತ್ತಿಗೆಯಲ್ಲಿ ಹೋದ ವಾರ ಸೇರಿದ ಹುಡುಗಿ ಇವುಗಳ ಯಾವ ಪಟ್ಟಿಯಲ್ಲಿದ್ದಾಳೆ? 'ಅವಳು ನಮ್ಮ ಸ್ಟಾಫ್ ಅಲ್ಲ, ಏಜೆನ್ಸಿಯವಳು' ಅಂತ ಇಲಾಖೆ ಅನ್ನುತ್ತೆ. 'ತರಬೇತಿ ಕೊಡೋದು ಆಸ್ಪತ್ರೆ ಕೆಲಸ' ಅಂತ ಏಜೆನ್ಸಿ ಅನ್ನುತ್ತೆ. ಮಧ್ಯದಲ್ಲಿ ನಿಂತವಳ ಕೈಯಲ್ಲಿ ಒಂದು ಜೀವ.

ಜೀವ ಉಳಿಸೋದು ಸರ್ಕಾರದ ಉಪಕಾರ ಅಲ್ಲ. 1996ರಲ್ಲಿ ಪಶ್ಚಿಮ ಬಂಗಾಳದ ಖೇತ್ ಮಜ್ದೂರ್ ಸಮಿತಿ, ಅಂದ್ರೆ ಕೃಷಿ ಕೂಲಿಗಳ ಸಂಘ, ನಡೆಸಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಸರ್ಕಾರಿ ಆಸ್ಪತ್ರೆಯಲ್ಲಿ ಸಕಾಲಕ್ಕೆ ತುರ್ತು ಚಿಕಿತ್ಸೆ ಸಿಗದಿದ್ರೆ ಅದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ. ರೈಲಿನಿಂದ ಬಿದ್ದ ಒಬ್ಬ ಕೂಲಿಯನ್ನ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸಿದ್ದಕ್ಕೆ ಹುಟ್ಟಿದ ಕೇಸು ಅದು. ಬಾಬಾಸಾಹೇಬರು ಕೊಟ್ಟ ಸಂವಿಧಾನ ಕೂಲಿಯವನ ಕೈಯಲ್ಲಿ ಕೆಲಸ ಮಾಡಿದ್ದು ಹಿಂಗೆ. ಬಾಗಿಲು ತೆರೆದಿದ್ದು, ಒಳಗೆ ಕಲಿತ ಕೈ ಇಲ್ಲದಿದ್ರೆ ಅದನ್ನ ಚಿಕಿತ್ಸೆ ಸಿಕ್ಕಿತು ಅಂತ ಕರೆಯೋಕಾಗಲ್ಲ.

ಪ್ರತಿ ವರ್ಷ ಮೇ 12ಕ್ಕೆ ನರ್ಸುಗಳ ಕೈಗೆ ಕ್ಯಾಂಡಲ್ ಕೊಟ್ಟು ಪ್ರತಿಜ್ಞೆ ಮಾಡಿಸ್ತೀರಿ. ಕೊರೋನಾದಲ್ಲಿ ಹೆಲಿಕಾಪ್ಟರಿನಿಂದ ಹೂವು ಸುರಿದ್ರಿ. 'ದೇವತೆಯರು' ಅಂದ್ರಿ. ನೈಟಿಂಗೇಲ್ 1860ರಲ್ಲಿ ಲಂಡನ್ನಿನಲ್ಲಿ ಮಾಡಿದ್ದು ನರ್ಸುಗಳ ತರಬೇತಿ ಶಾಲೆ ಸ್ವಾಮಿ. ನಿಮಗೆ ಅವರ ದೀಪ ಮಾತ್ರ ಕಾಣ್ಸುತ್ತೆ. ದೇವತೆ ಅಂದ್ರೆ ಸಂಬಳ ಕೇಳಬಾರದು, ಕಲಿಸು ಅನ್ನಬಾರದು, ಬಲಿ ಕೊಟ್ಟಾಗ ಸುಮ್ನಿರಬೇಕು. ನಮಗೆ ದೇವತೆ ಪಟ್ಟ ಬೇಡ.

ನಮ್ಮ ಬೇಡಿಕೆಗಳು:

1. ಹೊಸದಾಗಿ ಸೇರಿದ ಯಾವ ನರ್ಸನ್ನೂ ಕನಿಷ್ಠ ಒಂದು ವಾರ ಕೈಯಾರೆ ತುರ್ತು ತರಬೇತಿ ಕೊಡದೆ, ಪರೀಕ್ಷಿಸದೆ ಕ್ಯಾಶುವಾಲ್ಟಿ, ಹೆರಿಗೆ ವಾರ್ಡಿನ ರಾತ್ರಿ ಪಾಳಿಗೆ ಒಬ್ಬರೇ ಹಾಕಬಾರದು. ತರಬೇತಿಯ ದಿನಗಳಿಗೆ ಪೂರ್ತಿ ಸಂಬಳ.

2. ಕಾಯಂ, ಗುತ್ತಿಗೆ, ಹೊರಗುತ್ತಿಗೆ ಅನ್ನೋ ಭೇದ ತರಬೇತಿಯಲ್ಲಿ ಬೇಡ. ರೋಗಿಗೆ ನರ್ಸಿನ ಆರ್ಡರ್ ಕಾಪಿ ಕಾಣಲ್ಲ.

3. ಮೊದಲ ತಿಂಗಳು ಪ್ರತಿ ಪಾಳಿಯಲ್ಲಿ ಜೊತೆಗೊಬ್ಬ ಅನುಭವಿ ನರ್ಸ್. ಅವರ ಹೆಸರು ಡ್ಯೂಟಿ ಪಟ್ಟಿಯಲ್ಲಿ ಬರೆದಿರಬೇಕು.

4. ಪ್ರತಿ ತಿಂಗಳು ಅಣಕು ಕಾರ್ಯಾಚರಣೆ. ಡಾಕ್ಟರ್, ನರ್ಸ್, ಆಯಾ, ವಾಚ್‌ಮನ್ ಎಲ್ಲ ಸೇರಿ. ಆಕ್ಸಿಜನ್ ಸಿಲಿಂಡರಿನ ಕೀ ಸಿಗೋಕೆ ಎಷ್ಟು ನಿಮಿಷ ಬೇಕಾಯ್ತು ಅನ್ನೋದೂ ದಾಖಲಾಗಬೇಕು.

5. ಡಾಕ್ಟರ್ ಬರೋವರೆಗೆ ನರ್ಸ್ ಏನೇನು ಕೊಡಬಹುದು, ಮಾಡಬಹುದು ಅನ್ನೋ ಆದೇಶ ಕನ್ನಡದಲ್ಲಿ, ಆಡಳಿತ ವೈದ್ಯಾಧಿಕಾರಿಯ ಸಹಿಯೊಂದಿಗೆ, ವಾರ್ಡಿನ ಗೋಡೆ ಮೇಲೆ.

6. ಯಾವುದೇ ಸಾವಿನ ತನಿಖೆಯಲ್ಲಿ ಮೊದಲ ಪುಟ ಇದಾಗಿರಬೇಕು: ಆ ಪಾಳಿಯಲ್ಲಿ ಎಷ್ಟು ರೋಗಿಗಳಿಗೆ ಎಷ್ಟು ನರ್ಸ್, ಯಾರಿಗೆ ಯಾವಾಗ ತರಬೇತಿ ಕೊಟ್ಟಿದ್ರು, ಔಷಧಿ ಇತ್ತಾ. ಸಾಮಾನ್ಯ ವಾರ್ಡಿನಲ್ಲಿ 5 ರೋಗಿಗೆ ಒಬ್ಬ ನರ್ಸ್ ಅನ್ನೋದು ಭಾರತೀಯ ಶುಶ್ರೂಷಾ ಪರಿಷತ್ತಿನ ಅಳತೆ. ಅದನ್ನ ಮುರಿದವರೂ ಆರೋಪಿಗಳೇ.

ಹಣ ಇಲ್ಲ ಅನ್ನಬೇಡಿ. ಹಾಗಂತ ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣಕ್ಕೂ ಕೈ ಹಾಕಬೇಡಿ. 2013ರ ಆ ಕಾಯ್ದೆಯ 7(ಡಿ) ಅನ್ನೋ ಕಂಡಿಯನ್ನ ಮುಚ್ಚಿಸೋಕೆ ಹತ್ತು ವರ್ಷ ಹೋರಾಡಿದ್ದೇವೆ. ಸಿಬ್ಬಂದಿಗೆ ಕಲಿಸೋದು ಆರೋಗ್ಯ ಇಲಾಖೆಯ ಮಾಮೂಲಿ ಖರ್ಚು. ನಮ್ಮ ಪಾಲಿನಿಂದ ಕಿತ್ತು ನಮಗೇ ದಾನ ಮಾಡಬೇಡಿ.

ಗೆಳೆಯರೇ, ಇದನ್ನ ಓದಿ ಲೈಕ್ ಒತ್ತಿ ಹೋಗಬೇಡಿ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಒಂದು ಆರ್‌ಟಿಐ ಹಾಕಿ. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡು ಇದ್ರೆ ಅದೂ ಇಲ್ಲ. ನಾಲ್ಕೇ ಮಾಹಿತಿ ಕೇಳಿ. ಕಳೆದ ಎರಡು ವರ್ಷದಲ್ಲಿ ಎಷ್ಟು ನರ್ಸುಗಳು ಹೊಸದಾಗಿ ಸೇರಿದ್ರು, ಕಾಯಂ ಎಷ್ಟು, ಗುತ್ತಿಗೆ ಎಷ್ಟು? ಅವರಲ್ಲಿ ಎಷ್ಟು ಜನಕ್ಕೆ ತುರ್ತು ತರಬೇತಿ ಕೊಟ್ರು, ಯಾವ ದಿನಾಂಕ, ಎಷ್ಟು ದಿನ? ರಾತ್ರಿ ಪಾಳಿಯ ಡ್ಯೂಟಿ ಪಟ್ಟಿಯ ಪ್ರತಿ. ಕೊನೆಯ ಅಣಕು ಕಾರ್ಯಾಚರಣೆ ನಡೆದ ದಿನಾಂಕ. ಮೂವತ್ತು ದಿನದೊಳಗೆ ಉತ್ತರ ಬರಬೇಕು. ಬಂದ ಉತ್ತರದ ಪ್ರತಿ ಹಿಡಿದು ಆರೋಗ್ಯ ರಕ್ಷಾ ಸಮಿತಿ ಸಭೆಗೆ ಹೋಗಿ. ಉತ್ತರ 'ಮಾಹಿತಿ ಲಭ್ಯವಿಲ್ಲ' ಅಂತಿದ್ರೆ ಆ ಕಾಗದಕ್ಕೆ ಇನ್ನೂ ಬೆಲೆ ಜಾಸ್ತಿ, ಜೋಪಾನವಾಗಿಡಿ. ಮುಂದಿನ ಸಲ ನರ್ಸೊಬ್ಬಳ ಕೈಗೆ ಅಮಾನತು ಆದೇಶ ಕೊಡೋಕೆ ಬಂದವರ ಮುಂದೆ ಅದನ್ನ ಇಟ್ಟು ಕೇಳಿ: ಕಲಿಸದೇ ಇದ್ದವರ ಅಮಾನತು ಯಾವಾಗ?

ನಿಮ್ಮ ತಾಲ್ಲೂಕಿನ ಉತ್ತರ ಬಂದ ಮೇಲೆ ಇಲ್ಲೇ ಹಾಕಿ. ಒಂದೊಂದೇ ಜೋಡಿಸೋಣ.

ಜೈ ಭೀಮ್. ಜೈ ಸಾವಿತ್ರಿಬಾಯಿ.